ಎಪ್ಪತ್ತೊಂದನೆಯ ನಂಬರಿನ ನಾಲ್ಕನೇ ಸಾಲು

ನನ್ನ ತಂಗಿಯ ಮಗಳು ಭಾಗ್ಯಶ್ರೀಗೆ ಸೇಡಂನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿದೆ. ಸೇರಿದ ವಾರವೇ ನಮ್ಮ ಮನೆಗೆ ಬಂದು, ಚಹಾ ಆರುವವರೆಗೂ ತನ್ನ ಸಾಹೇಬರನ್ನು ಬೈದಳು.

"ಮೌಶಿ, ಪಟ್ಟಿಯೊಳಗ ಒಂದೇ ಹೆಸರು ಎರಡೆರಡು ಸಲ ಬಂದಾವ. ತಗದು ಹಾಕೂದು ಒಂದು ಸಾಲಿನ ಕೆಲಸ. ಅದಕ್ಕ ಸಾಹೇಬ್ರು ಮೂರು ದಿನ ಟೈಮ್ ಕೊಟ್ಟಾರ. ಏನ್ ಮಂದಿ ಇರ್ತಾರ ನೋಡು."

"ಮೂರು ದಿನ ಕಮ್ಮಿ ಆಯ್ತು ಭಾಗ್ಯಾ" ಅಂದೆ. ಅವಳು ನಕ್ಕಳು. ನಾನೂ ಅವಳ ವಯಸ್ಸಿನಲ್ಲಿ ಹಾಗೇ ನಗುತ್ತಿದ್ದೆ, ಆದ್ದರಿಂದ ಸಿಟ್ಟು ಬರಲಿಲ್ಲ. ಬಾಯಿಂದ ಹೇಳಿದರೆ ಈಗಿನವರು ಮಧ್ಯದಲ್ಲೇ ಫೋನ್ ನೋಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಅವಳು ಹೇಳಿದ ಆ ಒಂದು ಸಾಲು ನನಗೂ ಗೊತ್ತು. ಇಡೀ ಪಟ್ಟಿಯನ್ನು "ಸೆಟ್" ಅನ್ನುವ ಒಂದು ಚೀಲಕ್ಕೆ ಸುರಿಯಬೇಕು. ಆ ಚೀಲ ಒಂದೇ ವಸ್ತುವನ್ನು ಎರಡು ಸಲ ಇಟ್ಟುಕೊಳ್ಳುವುದಿಲ್ಲ. ತಿರುಗಿ ಹೊರಗೆ ಸುರಿದರೆ ಪಟ್ಟಿ ಸ್ವಚ್ಛ. ಆದರೆ ಎರಡು ಸಂಗತಿ ಆ ಚೀಲದೊಳಗೇ ಕಳೆದುಹೋಗುತ್ತವೆ. ಯಾವುದು ಎಷ್ಟು ಸಲ ಇತ್ತು ಅನ್ನುವುದು ಒಂದು, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಇನ್ನೊಂದು. ಈ ಎರಡು ಕಳೆದುಹೋದದ್ದರಿಂದ ಒಬ್ಬ ಹುಡುಗನ ಜೀವ ನನ್ನ ಕೈಯಿಂದ ಹೋಗುವುದರಲ್ಲಿತ್ತು. ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಎರಡು ಬಂದವು, ಎರಡೂ ತಡವಾಗಿ ಬಂದವು.

ಮೊದಲ ಪಾಠ ಕಲಿತದ್ದು ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ. ಆಗ ನಾನು ಅಲ್ಲಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕಚೇರಿಗಳಿಗೆ ಪಟ್ಟಿ ಟೈಪ್ ಮಾಡಿಕೊಡುತ್ತಿದ್ದೆ. ಬಿತ್ತನೆ ಬೀಜ ಹಂಚುವ ಒಂದು ಪಟ್ಟಿಯಲ್ಲಿ ಶರಣಮ್ಮ ಎಂಬ ಹೆಸರು, ಅದೇ ಗಂಡನ ಹೆಸರು, ಅದೇ ಮನೆ ನಂಬರು ಎರಡು ಸಲ ಇತ್ತು. ಬರೆದುಕೊಟ್ಟ ಗುಮಾಸ್ತನಿಗೆ ಕಣ್ಣು ಕಾಣುವುದಿಲ್ಲ ಎಂದುಕೊಂಡು ಒಂದನ್ನು ಹೊಡೆದು ಹಾಕಿದೆ. ವಾರದ ಮೇಲೆ ಇಬ್ಬರು ಮುದುಕಿಯರು ಅಂಗಡಿಗೆ ಬಂದು ನನ್ನ ಟೇಬಲ್ಲಿನ ಎರಡೂ ಬದಿಗೆ ಕುಳಿತರು. ಒಂದೇ ಬಣ್ಣದ ಸೀರೆ, ಒಂದೇ ಗಾತ್ರದ ಕುಂಕುಮ.

"ನಮ್ಮಿಬ್ಬರೊಳಗ ಯಾರನ್ನ ತಗದೀಯವ್ವಾ?" ಎಂದು ಒಬ್ಬಾಕೆ ಕೇಳಿದಳು.

ಇಬ್ಬರೂ ಒಬ್ಬನೇ ಗಂಡನ ಹೆಂಡಂದಿರು. ಎರಡನೆಯಾಕೆ ಮನೆ ತುಂಬಿದ ದಿನ ಅತ್ತೆ ಅವಳಿಗೂ ಶರಣಮ್ಮ ಎಂದೇ ಹೆಸರಿಟ್ಟಿದ್ದಳಂತೆ. ಒಂದು ಸಲ ಕೂಗಿದರೆ ಇಬ್ಬರೂ ಓಡಿಬರಲಿ ಎಂದು. ನಾನು ಕ್ಷಮೆ ಕೇಳಿ ಹೆಸರು ಸೇರಿಸಿದೆ. ಹೋಗುವಾಗ ಇನ್ನೊಬ್ಬಾಕೆ ಬಾಗಿಲಲ್ಲಿ ನಿಂತು ಹೇಳಿದಳು: "ಹೆಸರು ಹೋದ ವಾರ ನನಗ ಕನ್ನಡಿಯಾಗ ಮಾರಿ ನೋಡ್ಕೊಳ್ಳಾಕ ಅಂಜಿಕಿ ಆಗಿತ್ತು ನೋಡವ್ವಾ." ತಮಾಷೆಗೆ ಅಂದಳೆಂದು ನಾನು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ರಾವೂರ ಕಡೆಯ ಒಂದು ಸುಣ್ಣದ ಕಲ್ಲಿನ ಗಣಿಯಲ್ಲಿ ಕೆಲಸ ಸಿಕ್ಕಿತು. ಗಣಿಯ ಹೆಸರು ಬೇಡ. ಚಿತ್ತಾಪುರದಲ್ಲಿ ಮನೆ ಮಾಡಿದ್ದೆ. ಬೆಳಿಗ್ಗೆ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ಟಂಟಂ ಆಟೋ ಹಿಡಿದು ಗಣಿಯ ಟೈಮ್ ಆಫೀಸಿಗೆ ಬರುತ್ತಿದ್ದೆ. ಟೈಮ್ ಆಫೀಸ್ ಅಂದರೆ ಯಾರು ಕೆಳಗೆ ಇಳಿದರು, ಯಾರು ಮೇಲೆ ಬಂದರು ಎಂದು ಬರೆದಿಡುವ ಕೋಣೆ. ಅಲ್ಲಿ ನನ್ನ ಮೇಲಿನವರು ವೀರಭದ್ರಪ್ಪನವರು. ಹಣೆ ತುಂಬ ವಿಭೂತಿ, ಅಂಗಿಯ ಕಿಸೆಯಲ್ಲಿ ಕೆಂಪು ಪೆನ್ಸಿಲು. ಕಂಪ್ಯೂಟರನ್ನು ಅವರು ಕೊನೆಯವರೆಗೂ "ನಿನ್ನ ಪೆಟಗಿ" ಎಂದೇ ಕರೆದರು.

ಅವರ ಪದ್ಧತಿ ಸರಳ. ಗೋಡೆಗೆ ಒಂದು ದೊಡ್ಡ ಹಲಗೆ, ಹಲಗೆಯ ತುಂಬ ಮೊಳೆ, ಪ್ರತಿ ಮೊಳೆಗೆ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವವನು ತನ್ನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹತ್ತಿ ಬಂದವನು ತಿರುಗಿ ಸಿಕ್ಕಿಸಬೇಕು. ಬಂಡೆಗೆ ಮದ್ದಿಟ್ಟು ಸಿಡಿಸುವ ಮೊದಲು ವೀರಭದ್ರಪ್ಪನವರು ಹಲಗೆಯ ಮುಂದೆ ನಿಂತು ಬರಿ ಮೊಳೆ ಹುಡುಕುತ್ತಿದ್ದರು. ಒಂದು ಮೊಳೆ ಬರಿದಾಗಿದ್ದರೂ ಭೋಂಗಾ, ಅಂದರೆ ಸಿಡಿಸುವ ಸೈರನ್ನು, ಕೂಗಿಸುತ್ತಿರಲಿಲ್ಲ. ಆಮೇಲೆ ರಿಜಿಸ್ಟರಿನಲ್ಲಿ ಪ್ರತಿಯೊಬ್ಬನಿಗೆ ಇಳಿದದ್ದಕ್ಕೊಂದು, ಹತ್ತಿದ್ದಕ್ಕೊಂದು ಕೆಂಪು ಗೆರೆ ಎಳೆಯುತ್ತಿದ್ದರು.

ಗಣಿಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುತ್ತಿರಲಿಲ್ಲ, ನಂಬರು ಹಿಡಿದೇ ಕೂಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೈಗೆಲ್ಲ ಬಿಳಿ ಧೂಳು ಕೂತು ಎಲ್ಲರ ಮುಖವೂ ಒಂದೇ ಆಗುತ್ತಿತ್ತು. ನಂಬರೇ ಗುರುತು. ಅಲ್ಲಿ ಇನ್ನೊಂದು ರೂಢಿ ಇತ್ತು. ಅಪ್ಪ ಗಣಿಯಲ್ಲಿ ಸತ್ತರೆ ಅವನ ಬಿಲ್ಲೆಯನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಮಗ ದೊಡ್ಡವನಾಗಿ ಕೆಲಸಕ್ಕೆ ಬರುವವರೆಗೆ ಅದು ಮೊಳೆಯ ಮೇಲೆ ಕಾಯುತ್ತಿತ್ತು. ನಾನು ಸೇರಿದಾಗ ಹಾಗೆ ಕಾಯುತ್ತಿದ್ದ ಬಿಲ್ಲೆ ಒಂದೇ, ಎಪ್ಪತ್ತೊಂದು.

ಅದು ಭೀಮಶಾ ಎಂಬವನದು. ನಾನು ಬರುವ ಮುಂಚೆ ಗಣಿಯ ತೆಂಕಣ ಮೂಲೆಯಲ್ಲಿ ಕಲ್ಲಿನ ಗೋಡೆ ಕುಸಿದು ಸತ್ತಿದ್ದ. ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಆ ದಿನದ ಪುಟ ನೋಡಿದೆ. ಎಪ್ಪತ್ತೊಂದರ ಮುಂದೆ ಇಳಿದ ಗೆರೆ ಇತ್ತು, ಹತ್ತಿದ ಗೆರೆ ಇರಲಿಲ್ಲ.

"ಹೆಣ ಮ್ಯಾಲ ತಂದಿದ್ರಲ್ರಿ ಸರ್? ಗೆರಿ ಯಾಕ ಹೊಡದಿಲ್ಲ?" ಎಂದು ಕೇಳಿದೆ.

ವೀರಭದ್ರಪ್ಪನವರು ಕನ್ನಡಕ ತೆಗೆದು ಒರೆಸಿದರು. "ಬಂದದ್ದು ಹೆಣ, ಶಾಂತಾಬಾಯಿ. ಅಂವ ಬಂದಿಲ್ಲ. ತನ್ನ ಕಾಲಲೇ ನಡಕೋತ ಬಂದೋರಿಗೇ ನಾ ಗೆರಿ ಹೊಡಿತೀನಿ."

ಹಳೆಯ ಕಾಲದ ಮನುಷ್ಯ, ಹಳೆಯ ಕಾಲದ ಮಾತು ಎಂದುಕೊಂಡೆ. ನನ್ನ ಪಟ್ಟಿಯಲ್ಲಿ ಆ ಜಾಗವನ್ನು ಖಾಲಿಯೇ ಬಿಟ್ಟೆ.

ಭೀಮಶಾನ ಹೆಂಡತಿ ಸಾಬಮ್ಮ ನಮ್ಮ ಆಫೀಸಿನಲ್ಲೇ ಕಸ ಹೊಡೆಯುತ್ತಿದ್ದಳು. ನನ್ನದೇ ವಯಸ್ಸಿನವಳು, ಮಾತು ಕಡಿಮೆ. ಗಂಡ ಹೋದಾಗ ಮಗ ಹಣಮಂತ ಆರು ತಿಂಗಳ ಕೂಸು. ಅವಳು ದಿನಾ ಎರಡು ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಒಂದನ್ನು ತಾನು ಉಣ್ಣುವಳು. ಇನ್ನೊಂದನ್ನು ಗಣಿಯ ದಂಡೆಯಲ್ಲಿ, ತೆಂಕಣ ಮೂಲೆಯ ಮೇಲ್ಗಡೆ ಒಂದು ಕಲ್ಲಿನ ಮೇಲೆ ಇಟ್ಟು ಬರುವಳು. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಕೆಳಗೆ ಆ ಮೂಲೆಯಲ್ಲಿ ಯಾರೂ ಕೆಲಸವನ್ನೂ ಮಾಡುತ್ತಿರಲಿಲ್ಲ.

ಹಣಮಂತ ದೊಡ್ಡವನಾಗಿ ಕೆಲಸಕ್ಕೆ ಬಂದ ದಿನ ವೀರಭದ್ರಪ್ಪನವರು ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಅವನ ಕೈಗೆ ಕೊಟ್ಟರು. ಅವನಿಗೆ ಅದು ದೊಡ್ಡ ಹೆಮ್ಮೆ. ನನಗೆ ಅದು ತಲೆನೋವಾಯಿತು.

ಹೇಗೆಂದರೆ, ಕೆಲಸಗಾರರ ಪಟ್ಟಿಯಲ್ಲಿ ಒಂದೇ ನಂಬರು ಎರಡು ಸಲ ಬಂದರೆ ಮೊದಲನೆಯದನ್ನು ಇಟ್ಟುಕೋ, ಎರಡನೆಯದನ್ನು ಬಿಡು ಎಂದು ನಾನು ಬರೆದಿದ್ದೆ. ಎಪ್ಪತ್ತೊಂದು ಎರಡು ಸಲ ಇತ್ತು, ಮೊದಲು ಅಪ್ಪ, ಆಮೇಲೆ ಮಗ. ಪೆಟ್ಟಿಗೆ ಹೇಳಿದಂತೆ ಮಾಡಿತು, ಸತ್ತವನನ್ನು ಇಟ್ಟುಕೊಂಡು ಬದುಕಿದ್ದವನನ್ನು ಬಿಟ್ಟಿತು. ಹಲವು ವರ್ಷ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಹಾಜರಿ, ಸಂಬಳ ಎಲ್ಲ ನಂಬರಿನ ಮೇಲೇ ಓಡುತ್ತಿತ್ತು. ಒಂದು ತಿಂಗಳು ನಿವೃತ್ತಿಯಾಗುವವರ ಪತ್ರಗಳು ತಾವಾಗಿಯೇ ಅಚ್ಚಾದವು. ಸಹಿಯಾಗಿ ಅಂಚೆಗೂ ಹೋದವು. ಅದರಲ್ಲಿ ಒಂದು ಭೀಮಶಾನ ಹೆಸರಿಗೆ ಇತ್ತು. ಇಷ್ಟು ವರ್ಷದ ನಿಷ್ಠೆಯ ಸೇವೆಗೆ ವಂದನೆಗಳು, ಈ ತಿಂಗಳ ಕೊನೆಗೆ ತಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಲಾಗುವುದು ಎಂದು.

ಸಾಬಮ್ಮ ಯಾರಿಂದಲೋ ಅದನ್ನು ಓದಿಸಿಕೊಂಡು ಬಂದಳು. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದೆ.

"ಬಾಯಾರ, ಹಂಗಾರ ಅಂವ ಇನ್ನಾ ಡ್ಯೂಟಿ ಮ್ಯಾಲೇ ಅದಾನೇನ್ರಿ?"

"ಇಲ್ಲ ಸಾಬಮ್ಮ. ತಪ್ಪಾಗ್ಯದ. ನನ್ನ ತಪ್ಪು. ಕಾಗದ ಕೊಡು, ಹರದು ಹಾಕ್ತೀನಿ."

"ಬಿಡುಗಡಿ ಅಂತ ಬರದದಂತಲ್ರಿ" ಎಂದಳು. ಪತ್ರ ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಸಬರಿಗೆ ಎತ್ತಿಕೊಂಡಳು. ಆ ವಾರವಿಡೀ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಛೇಡಿಸಿದರು. ನಾನು ಪಟ್ಟಿ ಸರಿಮಾಡಿ, ನಂಬರು ಒಂದೇ ಇದ್ದರೆ ಮನುಷ್ಯ ಒಬ್ಬನೇ ಅಲ್ಲ ಎಂದು ಡೈರಿಯಲ್ಲಿ ಬರೆದುಕೊಂಡೆ. ದೊಡ್ಡ ಪಾಠ ಕಲಿತೆ ಎಂದು ಬೀಗಿದೆ. ಮನುಷ್ಯ ಒಬ್ಬನೇ ಇದ್ದಾಗಲೂ ಪಟ್ಟಿ ಮೋಸ ಮಾಡುತ್ತದೆ ಎಂಬುದು ಇನ್ನೂ ಗೊತ್ತಿರಲಿಲ್ಲ.

ವೀರಭದ್ರಪ್ಪನವರು ನಿವೃತ್ತರಾದ ಮೇಲೆ ಹಲಗೆ ಹೋಗಿ ಕಾರ್ಡು ಬಂತು. ಗಣಿಗೆ ಇಳಿಯುವ ದಾರಿಯ ಬಾಯಲ್ಲಿ ಎರಡು ಮಷೀನು ಕೂರಿಸಿದರು, ಎಡಗಡೆಯದು ಇಳಿಯುವವರಿಗೆ, ಬಲಗಡೆಯದು ಹತ್ತುವವರಿಗೆ. ಕಾರ್ಡು ಮುಟ್ಟಿಸಿದರೆ "ಟಿಂಯ್" ಎನ್ನುತ್ತಿತ್ತು. ಧೂಳಿಗೆ ಕೆಲವು ಸಲ ಸದ್ದು ಹೊರಡುತ್ತಿರಲಿಲ್ಲ. ಆಗ ಜನ ಎರಡು ಸಲ, ಮೂರು ಸಲ ಮುಟ್ಟಿಸಿ ಹೋಗುತ್ತಿದ್ದರು. ಪಟ್ಟಿಯಲ್ಲಿ ಒಬ್ಬನೇ ಮೂರು ಸಲ ಇಳಿದಂತೆ ಕಾಣುತ್ತಿತ್ತು. ಮದ್ದು ಸಿಡಿಸುವ ಮೊದಲು ಈ ಗೊಂದಲ ಬಿಡಿಸುತ್ತ ಕೂತರೆ ಅರ್ಧ ಗಂಟೆ ಹೋಗುತ್ತಿತ್ತು.

ನಾನು ಭಾಗ್ಯಳ ಆ ಒಂದು ಸಾಲನ್ನು ಬರೆದೆ. ಇಳಿದವರದೊಂದು ಚೀಲ, ಹತ್ತಿದವರದೊಂದು ಚೀಲ. ಎರಡೂ ಚೀಲದಲ್ಲಿ ಅವೇ ನಂಬರುಗಳಿದ್ದರೆ "ಎಲ್ಲರೂ ಮೇಲೆ" ಎಂದು ಕಾಗದ ಅಚ್ಚಾಗುತ್ತಿತ್ತು. ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು. ದೊಡ್ಡ ಸಾಹೇಬರು ಎಲ್ಲರೆದುರು ನನ್ನ ಬೆನ್ನು ಚಪ್ಪರಿಸಿದಷ್ಟು ಮಾಡಿದರು. ಒಮ್ಮೆ ವೀರಭದ್ರಪ್ಪನವರು ಮಾತಾಡಿಸಲು ಬಂದಾಗ ಅವರಿಗೂ ಹೆಮ್ಮೆಯಿಂದ ತೋರಿಸಿದೆ. ಅವರು ಬಹಳ ಹೊತ್ತು ಪರದೆ ನೋಡಿದರು.

"ಎರಡು ಸಲ ಬಂದದ್ದನ್ನ ತಗದು ಹಾಕ್ತದ?"

"ಹೌದ್ರಿ ಸರ್."

"ತಗಿಯೂದಕ್ಕ ಮೊದಲು ಅವನ್ನ ಕೇಳ್ತದೇನು, ಯಾಕ ಎರಡು ಸಲ ಬಂದಿ ಅಂತ?"

"ಪೆಟಗಿ ಹ್ಯಾಂಗ ಕೇಳ್ತದ್ರಿ ಸರ್" ಎಂದು ನಕ್ಕೆ. ಅವರು ಚಹಾ ಕುಡಿದು ಹೋದರು. ಮುಂದಿನ ವರ್ಷ ತೀರಿಕೊಂಡರು. ಆ ಪ್ರಶ್ನೆಗೆ ಉತ್ತರ ಹೇಳಲು ಈಗ ಅವರಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ.

ಬೇಸಿಗೆ, ನಡು ಮಧ್ಯಾಹ್ನ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬಿಳಿ ಕಲ್ಲಿನ ಗಣಿಯಲ್ಲಿ ಅದು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ನೆರಳು ಕಾಲಡಿಗೆ ಸೇರಿಕೊಂಡು ಮನುಷ್ಯನಿಗೆ ನೆರಳೇ ಇಲ್ಲದಂತೆ ಕಾಣುತ್ತದೆ. ಮೊದಲ ಭೋಂಗಾ ಕೂಗಿತ್ತು, ಅಂದರೆ ಎಲ್ಲರೂ ಮೇಲೆ ಬನ್ನಿ ಎಂದು. ನಾನು ಗುಂಡಿ ಒತ್ತಿದೆ, "ಎಲ್ಲರೂ ಮೇಲೆ" ಎಂದು ಕಾಗದ ಬಂತು. ಸಹಿ ಮಾಡಿ, ಮದ್ದು ಸಿಡಿಸುವ ಉಸ್ತುವಾರಿಗೆ ಫೋನಿನಲ್ಲಿ ಹೇಳಿದೆ. ಎರಡನೆಯ ಭೋಂಗಾ ಎಚ್ಚರಿಕೆಗೆ. ಮೂರನೆಯದು ಕೂಗಿದ ಕೂಡಲೇ ಸಿಡಿಯುತ್ತದೆ.

ಸಾಬಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಎರಡು ಬುತ್ತಿ, ಒಂದು ಮಗನದು, ಒಂದು ದಂಡೆಗೆ ಇಡುವುದು.

"ಬಾಯಾರ, ಹಣಮಂತ ಇನ್ನಾ ಬಂದಿಲ್ರಿ."

"ಬಂದಾನ. ಕಾಗದದಾಗ ಅದ ನೋಡು."

"ನನಗ ಓದಾಕ ಬರಲ್ರಿ. ದಿನಾ ಬುತ್ತಿ ಇಸ್ಕೊಳ್ಳಾಕ ಬರ್ತಾನ. ಇವತ್ತ ಬಂದಿಲ್ಲ."

"ನೀರು ಕುಡಿಲಿಕ್ಕ ಹೋಗಿರ್ತಾನ ಎಲ್ಲರ. ಎಪ್ಪತ್ತೊಂದು ಇಳದದ, ಎಪ್ಪತ್ತೊಂದು ಹತ್ತ್ಯದ. ಸುಮ್ಕ ಕುಂದ್ರು ಸಾಬಮ್ಮ, ನನಗ ಕೆಲಸ ಅದ."

ನಾನು ಗದರಿದ್ದು ಖರೆ. ಸೆಖೆಯಿತ್ತು, ಹಸಿವಾಗಿತ್ತು, ನನ್ನ ಪಟ್ಟಿಯನ್ನು ಓದು ಬಾರದವಳೊಬ್ಬಳು ಅನುಮಾನಿಸಿದಳೆಂಬ ಉರಿಯೂ ಇತ್ತು. ಅವಳು ಕೂರಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಅವರಪ್ಪ ಹೋದ ದಿನಾನೂ ನನಗ ಕುಂದ್ರು ಅಂದಿದ್ರು ಬಾಯಾರ. ನಾ ಕುಂತಿದ್ದೆ."

ಅವಳ ಬಾಯಿ ಮುಚ್ಚಿಸಲೆಂದೇ ನಾನು ಮೂಲ ಪಟ್ಟಿ ತೆರೆದೆ, ಚೀಲಕ್ಕೆ ಸುರಿಯುವ ಮುಂಚಿನದು. ತಿಂಗಳುಗಟ್ಟಲೆ ಯಾರೂ ಅದನ್ನು ನೋಡಿರಲಿಲ್ಲ. ಎಪ್ಪತ್ತೊಂದರ ಮುಂದೆ ಮೂರು ಸಾಲಿದ್ದವು. ಬೆಳಿಗ್ಗೆ ಏಳು ಗಂಟೆ ಎರಡು ನಿಮಿಷಕ್ಕೆ ಇಳಿದದ್ದು. ಹನ್ನೆರಡು ಐದಕ್ಕೆ ಹತ್ತಿದ್ದು. ಹನ್ನೆರಡು ಹನ್ನೊಂದಕ್ಕೆ ಮತ್ತೆ ಇಳಿದದ್ದು.

ಹತ್ತಿ ಬಂದವನು ಆರು ನಿಮಿಷದ ಮೇಲೆ ತಿರುಗಿ ಇಳಿದಿದ್ದ. ಎರಡನೆಯ ಸಲ ಇಳಿದದ್ದನ್ನು ನನ್ನ ಒಂದು ಸಾಲು ಹೆಚ್ಚಿನದೆಂದು ತೆಗೆದು ಹಾಕಿತ್ತು.

ಎರಡನೆಯ ಭೋಂಗಾ ಕೂಗತೊಡಗಿತು. ಫೋನ್ ಎತ್ತಿದೆ. ಎರಡು ಸಲ ತಪ್ಪು ನಂಬರು ಒತ್ತಿದೆ. ಮೂರನೆಯ ಸಲ ಉಸ್ತುವಾರಿ ಎತ್ತಿಕೊಂಡ. "ತಡೀರಿ. ಕೆಳಗ ಮಂದಿ ಅದ" ಎಂದಷ್ಟೇ ಹೇಳಿದೆ. ಮೂರನೆಯ ಭೋಂಗಾ ಕೂಗಲಿಲ್ಲ. ನಾನು ಕುರ್ಚಿಯ ಮೇಲೆ ಕೂತದ್ದೂ ನೆನಪಿಲ್ಲ, ಎದ್ದದ್ದೂ ನೆನಪಿಲ್ಲ.

ಎಂಟು ಹತ್ತು ಜನ ಕೆಳಗೆ ಓಡಿದರು. ಯಾರೂ ಕಾರ್ಡು ಮುಟ್ಟಿಸಲಿಲ್ಲ, ಅದು ಯಾರಿಗೂ ನೆನಪಾಗಲಿಲ್ಲ. ನಾನೂ ಸಾಬಮ್ಮನೂ ದಂಡೆಯಲ್ಲಿ, ಮಷೀನುಗಳಿಂದ ಹತ್ತು ಹೆಜ್ಜೆ ಆಚೆ ನಿಂತೆವು. ಲಾರಿಗಳು ನಿಂತಿದ್ದವು. ಯಂತ್ರಗಳು ನಿಂತಿದ್ದವು. ಒಂದು ಕಾಗೆಯೂ ಕೂಗುತ್ತಿರಲಿಲ್ಲ. ತಳದಲ್ಲಿ ನಿಂತ ಹಸಿರು ನೀರು ಅಲುಗಾಡುತ್ತಿರಲಿಲ್ಲ. ಸಾಬಮ್ಮ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಒಂದೇ ಸಲ ಕೂಗಿದಳು. ಮಗನ ಹೆಸರನ್ನಲ್ಲ, ನಂಬರನ್ನು.

"ಎಪ್ಪತ್ತೊಂದು..."

ಆ ಗಣಿಯಲ್ಲಿ ಕೂಗು ಎದುರು ಗೋಡೆಗೆ ಬಡಿದು ಒಂದು ಸಲ ತಿರುಗಿ ಬರುತ್ತದೆ. ಎಷ್ಟೋ ವರ್ಷ ಕೇಳಿದ್ದೇನೆ. ಆ ದಿನ ಎರಡು ಸಲ ಬಂತು. ಎರಡನೆಯದು ತುಸು ತಡವಾಗಿ, ತುಸು ದಪ್ಪ ದನಿಯಲ್ಲಿ ಬಂತು.

ಸ್ವಲ್ಪ ಹೊತ್ತಾದ ಮೇಲೆ ನಮ್ಮ ಹಿಂದೆ ಹತ್ತುವ ಕಡೆಯ ಮಷೀನು "ಟಿಂಯ್" ಎಂದಿತು. ಯಾರೋ ಬಂದರು, ಸುದ್ದಿ ತಂದರು ಎಂದು ನಾನು ತಟ್ಟನೆ ತಿರುಗಿದೆ. ದಾರಿ ಖಾಲಿ ಇತ್ತು. ಬಿಳಿ ಧೂಳಿನ ಮೇಲೆ ಬಿಸಿಲು ಮಾತ್ರ ಇತ್ತು. ಸಾಬಮ್ಮ ತಿರುಗಲಿಲ್ಲ. ಸೆರಗನ್ನು ಮುಂದಕ್ಕೆ ಎಳೆದು ತಲೆ ಮುಚ್ಚಿಕೊಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. ಬಿಸಿಲಿಗೆ ಹಾಗೆ ಮಾಡಿದಳು ಎಂದುಕೊಂಡೆ.

ಹಣಮಂತ ಸಿಕ್ಕಿದ್ದು ತೆಂಕಣ ಮೂಲೆಯಲ್ಲಿ. ಚಪ್ಪಡಿ ಜಾರಿ ಕಾಲಿನ ಮೇಲೆ ಬಿದ್ದಿತ್ತು, ಎಚ್ಚರವಿರಲಿಲ್ಲ. ಮದ್ದು ತುಂಬಿದ ಕುಳಿಗಳು ಅಲ್ಲಿಂದ ದೂರವೇನೂ ಇರಲಿಲ್ಲ. ಚಪ್ಪಡಿಯನ್ನು ತುಸು ಮೀಟಿ ಅವನನ್ನು ಹೊರಗೆಳೆದು, ತಾಡಪತ್ರಿಯಲ್ಲಿ ಹೊತ್ತುಕೊಂಡು, ಲಾರಿ ಹೋಗುವ ಇನ್ನೊಂದು ದಾರಿಯಿಂದ ಮೇಲೆ ತಂದು, ಜೀಪಿನಲ್ಲಿ ಶಹಾಬಾದಿನ ಆಸ್ಪತ್ರೆಗೆ ಒಯ್ದರು. ಕಾಲು ಮುರಿದಿತ್ತು, ಜೀವ ಉಳಿಯಿತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ನಾಚಿಕೆಗೆ ಅತ್ತೆನೋ, ಹೆದರಿಕೆಗೆ ಅತ್ತೆನೋ ಗೊತ್ತಿಲ್ಲ. ಸಾಬಮ್ಮನ ಕಾಲು ಮುಟ್ಟಲು ಹೋದರೆ ಹಿಂದಕ್ಕೆ ಸರಿದಳು.

"ಬ್ಯಾಡ್ರಿ ಬಾಯಾರ. ನೀವು ಪಟ್ಟಿ ತಗದು ನೋಡಿದ್ರಿ. ಅಷ್ಟು ಸಾಕು."

ಎರಡು ದಿನದ ಮೇಲೆ ಹಣಮಂತ ಮಾತಾಡುವಂತಾದ. ಯಾಕೆ ತಿರುಗಿ ಇಳಿದೆ ಎಂದು ಕೇಳಿದೆ.

"ಮ್ಯಾಲ ಬಂದು ಕೈ ತೊಳ್ಕೊಳ್ಳಾಕತ್ತಿದ್ದೆ ಬಾಯಾರ. ಕೆಳಗಿಂದ ಯಾರೋ ಎಪ್ಪತ್ತೊಂದು, ಎಪ್ಪತ್ತೊಂದು ಅಂತ ಕೂಗಿದ್ರು. ಯಾರೋ ಸಿಕ್ಕೊಂಡಾರ ಅನಿಸ್ತು. ಕೂಗು ಮೂಲಿ ಕಡಿಂದ ಬರಾಕತ್ತಿತ್ತು."

"ಯಾರ ಧ್ವನಿ ಅದು?"

"ಗುರ್ತ ಹತ್ತಲಿಲ್ರಿ. ನಾ ಎಂದೂ ಕೇಳಿದ ಧ್ವನಿ ಅಲ್ಲ."

ಸಾಬಮ್ಮ ಮಂಚದ ಆಚೆ ಮೋಸಂಬಿ ಸುಲಿಯುತ್ತಿದ್ದಳು.

ನನ್ನ ತಪ್ಪನ್ನು ಸಾಹೇಬರಿಗೆ ಬರೆದುಕೊಡಬೇಕಲ್ಲ ಎಂದು ಆ ದಿನದ ಮೂಲ ಪಟ್ಟಿಯನ್ನು ಮತ್ತೆ ತೆರೆದೆ. ಎಪ್ಪತ್ತೊಂದರ ಮುಂದೆ ಈಗ ನಾಲ್ಕು ಸಾಲಿದ್ದವು. ನಾಲ್ಕನೆಯದು, ಹನ್ನೆರಡು ಐವತ್ತೆರಡಕ್ಕೆ ಹತ್ತಿದ್ದು. ಆ ಹೊತ್ತಿಗೆ ಹಣಮಂತ ಚಪ್ಪಡಿಯ ಕೆಳಗಿದ್ದ. ಅವನನ್ನು ತಂದ ದಾರಿಯಲ್ಲಿ ಮಷೀನೇ ಇರಲಿಲ್ಲ. ಅವನ ಕಾರ್ಡು ಆ ವಾರದ ಕೊನೆಗೆ ಚಪ್ಪಡಿ ಎತ್ತಿದಾಗ ಅದರ ಅಡಿಯಲ್ಲಿ ಎರಡು ತುಂಡಾಗಿ ಸಿಕ್ಕಿತು.

ಆಗ ಹೊಸದಾಗಿ ಬಂದಿದ್ದ ಎಂಜಿನಿಯರ್ ಪ್ರವೀಣ ಬುದ್ಧಿವಂತ ಹುಡುಗ. ಅವನು ನೋಡಿ ಹೇಳಿದ: "ಮೇಡಂ, ಇದು ಕಾಮನ್ ಅದ. ಮಷೀನ್ ಕೆಲವು ಸಲ ಹಳೇ ಎಂಟ್ರಿನೇ ತಿರುಗಿ ಕಳಸ್ತದ, ಟೈಮ್ ಅಷ್ಟ ಬ್ಯಾರೆ ಬೀಳ್ತದ. ಡುಪ್ಲಿಕೇಟ್ ಅದು. ತಗದು ಬಿಡ್ರಿ."

ಅವನ ಮಾತು ಸರಿಯಿರಬಹುದು. ಈಗಲೂ ಸರಿಯಿಲ್ಲ ಎನ್ನುವುದಿಲ್ಲ. ಆದರೆ ಎಣಿಸಿ ನೋಡಿದೆ. ಎಪ್ಪತ್ತೊಂದು ಎಂಬ ನಂಬರಿನಲ್ಲಿ ವೀರಭದ್ರಪ್ಪನವರ ಕಾಲದಿಂದ ಒಂದು ಹತ್ತಿದ ಗೆರೆ ಬಾಕಿ ಇತ್ತು. ನಾನು ಆ ಸಾಲನ್ನು ತೆಗೆಯಲಿಲ್ಲ. ಆ ದಿನದ ಪುಟವನ್ನು ಅಚ್ಚು ಹಾಕಿ ನನ್ನ ಕಡತದಲ್ಲಿ ಇಟ್ಟುಕೊಂಡೆ. ಪ್ರೋಗ್ರಾಮನ್ನು ಬದಲಿಸಿದೆ. ಅವತ್ತಿನಿಂದ ಅದು ಯಾವ ಸಾಲನ್ನೂ ಬಿಸಾಡಲಿಲ್ಲ. ಪ್ರತಿಯೊಬ್ಬನ ಕೊನೆಯ ಸಾಲು ಯಾವುದು ಎಂದು ನೋಡಿ, ಅದು ಇಳಿದದ್ದಾಗಿದ್ದರೆ ಕೆಂಪಗೆ ತೋರಿಸಿ ನಿಲ್ಲುತ್ತಿತ್ತು. ಭಾಗ್ಯಾ, ನಿನಗೆ ಹೇಳಬೇಕೆಂದಿದ್ದ ಪಾಠ ಇಷ್ಟೇ. ಎರಡು ಸಲ ಬಂದದ್ದನ್ನು ತೆಗೆಯುವ ಮುಂಚೆ ಯಾಕೆ ಬಂತೆಂದು ಕೇಳು.

ಸಾಬಮ್ಮ ತಿಂಗಳ ಮೇಲೆ ಕೆಲಸಕ್ಕೆ ಮರಳಿದಳು. ಕಸ ಹೊಡೆದು, ನನ್ನ ಟೇಬಲ್ಲಿನ ಹತ್ತಿರ ನಿಂತಳು.

"ಬಾಯಾರ, ಅವತ್ತ ಎಪ್ಪತ್ತೊಂದು ಮ್ಯಾಲ ಬಂದದ್ದು ಪಟ್ಟಿಯಾಗ ಬಂದದೇನ್ರಿ?"

ನಾಲ್ಕನೇ ಸಾಲಿನ ಸಂಗತಿ ನಾನು ಅವಳಿಗೆ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಅವಳ ಬೆರಳು ಹಿಡಿದು ಪರದೆಯ ಮೇಲಿನ ಆ ಸಾಲಿಗೆ ಮುಟ್ಟಿಸಿದೆ. ಅವಳು ಆ ಸಾಲಿನುದ್ದಕ್ಕೂ ಬೆರಳು ಎಳೆದಳು. ಅವತ್ತು ಅವಳ ಕೈಯಲ್ಲಿ ಒಂದೇ ಬುತ್ತಿ ಇತ್ತು.

"ಇನ್ನೊಂದು ತಂದಿಲ್ಲ?" ಎಂದು ಕೇಳಿದೆ.

"ದಂಡಿಗಿ ಇಡೂದು ಇನ್ನ ಬ್ಯಾಡ್ರಿ. ಈಗ ಮನ್ಯಾಗೇ ಉಣ್ತಾನ."

ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಎದ್ದು ಫ್ಯಾನ್ ಆರಿಸಿದೆ. ಹೊರಗೆ ಅಷ್ಟು ಬಿಸಿಲಿತ್ತು.

ನಾನು ನಿವೃತ್ತಳಾಗಿ ಸೇಡಂಗೆ ಬಂದು ನೆಲೆಸಿದೆ. ಹಣಮಂತ ಕುಂಟುತ್ತಲೇ ಕೆಲಸಕ್ಕೆ ಹೋಗುತ್ತಾನೆ, ಗಣಿಗಲ್ಲ, ಅದೇ ಟೈಮ್ ಆಫೀಸಿಗೆ. ಸಾಬಮ್ಮನೂ ಕೆಲಸ ಬಿಟ್ಟು ಮನೆಯಲ್ಲಿದ್ದಾಳೆ. ಹೋದ ತಿಂಗಳು ಒಂದು ಗುರುವಾರ ಹಣಮಂತನ ಫೋನ್ ಬಂತು. ಅವ್ವ ಮಾತಾಡಬೇಕಂತೆ ಎಂದು ಅವಳಿಗೆ ಕೊಟ್ಟ.

"ಬಾಯಾರ, ಸೋಮಾರದಿಂದ ಮನಿ ಬರೀದಾಗ್ಯದ್ರಿ. ತಾಟು ಇಟ್ಟದ್ದು ಇಟ್ಟಂಗೇ ಇರ್ತದ. ಅಂವ ಪಟ್ಟಿಯಾಗ ಅದಾನಲ್ಲ?"

ಅದಾನ ಎಂದು ಬಾಯಿಗೆ ಬಂದಿತ್ತು. ನೋಡದೆ ಹೇಳಲು ಧೈರ್ಯ ಸಾಲದೆ, ನೋಡಿ ಹೇಳ್ತೀನಿ ಎಂದು ಇಟ್ಟೆ. ಪ್ರವೀಣನಿಗೆ ಫೋನ್ ಮಾಡಿದೆ. ಅವನು ಖುಷಿಯಲ್ಲಿದ್ದ.

"ಮೇಡಂ, ಹೊಸ ಸಿಸ್ಟಮ್ ಬಂದದ. ಸೋಮವಾರ ಹಳೇ ಡಾಟಾ ಎಲ್ಲಾ ಕ್ಲೀನ್ ಮಾಡಿದ್ವಿ. ನಿಮ್ಮದು ಭಾಳ ನೀಟ್ ಇತ್ತು. ಮಂದಿ ಎರಡೆರಡು ಸಲ ಮುಟ್ಟಿಸಿದ್ದು ಬಿಟ್ರ, ಇಷ್ಟು ವರ್ಷದ್ದರೊಳಗ ಮಷೀನ್ ತಾನೇ ಕಳಿಸಿದ್ದು ಒಂದೇ ಒಂದು ಡುಪ್ಲಿಕೇಟ್ ಸಾಲು ಸಿಕ್ತು. ತಗದೀವಿ."

ತಿರುಗಿ ಹಾಕಲು ಬರುತ್ತದೇನು ಎಂದು ಕೇಳಿದೆ. ಹಳೆಯದನ್ನು ಇಟ್ಟುಕೊಂಡಿಲ್ಲ ಎಂದ. ಅವನದೂ ತಪ್ಪಲ್ಲ. ಅವನಿಗೆ ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಕಪಾಟಿನ ತಳದಿಂದ ನನ್ನ ಕಡತ ತೆಗೆದೆ. ಕಾಗದ ಹಳದಿಯಾಗಿತ್ತು, ನಾಲ್ಕನೇ ಸಾಲು ನಿಚ್ಚಳವಾಗಿತ್ತು. ವೀರಭದ್ರಪ್ಪನವರ ಒಂದು ಕೆಂಪು ಪೆನ್ಸಿಲಿನ ಮೋಟು ನನ್ನ ಹತ್ತಿರ ಉಳಿದಿತ್ತು. ಆ ಸಾಲಿನ ಮುಂದೆ ಒಂದು ಗೆರೆ ಎಳೆದೆ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ರಾವೂರಿಗೆ ಹೋದೆ.

ಮನೆಯಲ್ಲಿ ಸಾಬಮ್ಮ ಒಬ್ಬಳೇ ಇದ್ದಳು. ಹಣಮಂತ ಕೆಲಸಕ್ಕೆ ಹೋಗಿದ್ದ. ಬಾಗಿಲ ಪಕ್ಕದಲ್ಲಿ ಒಂದು ಬುತ್ತಿ ಕಟ್ಟಿಟ್ಟಿತ್ತು, ಮತ್ತೆ ದಂಡೆಗೆ ಒಯ್ಯಲು. ನಾನು ಕಾಗದ ಬಿಚ್ಚಿ ಅವಳ ಬೆರಳನ್ನು ಕೆಂಪು ಗೆರೆಗೆ ಮುಟ್ಟಿಸಿದೆ.

"ಪಟ್ಟಿಯಾಗಿಂದ ತಗದಾರ ಸಾಬಮ್ಮ. ಆದ್ರ ಇದು ಅದ. ಇದು ನಿನ್ನ ಹತ್ರನೇ ಇರ್ಲಿ."

ಅವಳು ಕಾಗದವನ್ನು ಮಡಚಿ ಒಳಗೆ ಹೋದಳು. ಒಂದು ತಗಡಿನ ಪೆಟ್ಟಿಗೆ ತೆರೆದ ಸದ್ದು ಕೇಳಿತು. ಆ ಹಳೆಯ ನಿವೃತ್ತಿಯ ಪತ್ರ ಅದರಲ್ಲೇ ಇದ್ದಿರಬೇಕು. ತಿರುಗಿ ಬಂದವಳು ಬಾಗಿಲ ಪಕ್ಕದ ಬುತ್ತಿಯನ್ನು ಎತ್ತಿ ಬಿಚ್ಚಿದಳು.

"ಕುಂದ್ರಿ ಬಾಯಾರ. ಊಟ ಮಾಡ್ಕೊಂಡೇ ಹೋಗ್ರಿ."

ಮೂರು ತಾಟು ಹಾಕಿದಳು. ನನಗೊಂದು, ತನಗೊಂದು, ಗೋಡೆಯ ಕಡೆಗೆ ಒಂದು. ಕೂರುವ ಮುಂಚೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮನೆಯೊಳಗೆ ಬಿಸಿಲಿರಲಿಲ್ಲ. ನಾನು ನನ್ನ ತಾಟಿನಿಂದ ಕಣ್ಣೆತ್ತಲಿಲ್ಲ. ಉಂಡು ಮುಗಿದ ಮೇಲೆ ಮೂವತ್ತು ವರ್ಷದ ಚಾಳಿಯಿಂದ, ಉಳಿದ ರೊಟ್ಟಿ ಎಷ್ಟೆಂದು ನೋಡಲು ನನ್ನ ಕೈ ಬುಟ್ಟಿಯ ಕಡೆಗೆ ಹೋಯಿತು. ಸಾಬಮ್ಮ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದಳು.

"ಎಣಸಬ್ಯಾಡ್ರಿ ಬಾಯಾರ" ಎಂದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.